ಬೆಳೆಗೆ ಕಾವಲು ಬೇಕು, ಬೇಟೆಗೆ ಪರವಾನಗಿ ಬೇಡ

ಬೆಳೆ ಹಾಳುಮಾಡುವ ಕಾಡುಹಂದಿಗಳ ಬಗ್ಗೆ ತಮಿಳುನಾಡು ಸರ್ಕಾರ 2025ರ ಜನವರಿಯಲ್ಲಿ ಒಂದು ಆದೇಶ ಹೊರಡಿಸಿತು. ಅದರ ಪ್ರಕಾರ ಕಾಡಿನ ಗಡಿಯಿಂದ ಒಂದು ಕಿಲೋಮೀಟರಿನೊಳಗೆ ಹಂದಿಯನ್ನು ಕೊಲ್ಲುವಂತಿಲ್ಲ. ಒಂದರಿಂದ ಮೂರು ಕಿಲೋಮೀಟರಿನ ಪಟ್ಟಿಯಲ್ಲಿ ಸಿಕ್ಕಿದ್ದನ್ನು ಹಿಡಿದು ಮತ್ತೆ ಕಾಡಿಗೆ ಬಿಡಬೇಕು. ಮೂರು ಕಿಲೋಮೀಟರು ದಾಟಿ ಬಂದು ಹೊಲಕ್ಕೆ ಬಿದ್ದ ಹಂದಿಗೆ ಮಾತ್ರ ಅರಣ್ಯ ಇಲಾಖೆಯ ತರಬೇತಾದ ಸಿಬ್ಬಂದಿ ಗುಂಡಿಕ್ಕಬಹುದು. ಚೆನ್ನೈಯ ಸೇಂಟ್ ಜಾರ್ಜ್ ಕೋಟೆಯಿಂದ ಹೊರಟ ಈ ಆದೇಶ ಎರಡೂ ಕಡೆಯವರಿಗೆ ಸಮಾಧಾನ ತಂದಿಲ್ಲ. ಇಲಾಖೆಯವರು ಬರುವಷ್ಟರಲ್ಲಿ ಬೆಳೆಯೇ ಮುಗಿದಿರುತ್ತದೆ, ಕೋವಿಯನ್ನು ನಮ್ಮ ಕೈಗೇ ಕೊಡಿ ಎಂದು ರೈತರು ಕೇಳುತ್ತಾರೆ. ಯಾವ ಪ್ರಾಣಿಯನ್ನೂ ಕೊಲ್ಲಕೂಡದು ಎಂದು ಪ್ರಾಣಿದಯಾಪರರು ಹೇಳುತ್ತಾರೆ. ಇವೆರಡರ ನಡುವೆ ಮೂರನೆಯ ವಾದವೊಂದಿದೆ: ಅಮೆರಿಕದಲ್ಲಿರುವಂತೆ ವರ್ಷಕ್ಕೆ ಇಷ್ಟು ತಿಂಗಳು ಬೇಟೆಯ ಕಾಲ, ಒಬ್ಬರಿಗೆ ಇಷ್ಟು ಪ್ರಾಣಿ ಎಂದು ಗೊತ್ತುಮಾಡಿ ಹಣ ಪಡೆದು ಪರವಾನಗಿ ಕೊಟ್ಟರೆ ಹಂದಿಯೂ ಹತೋಟಿಗೆ ಬರುತ್ತದೆ, ಬೊಕ್ಕಸಕ್ಕೂ ಆದಾಯವಾಗುತ್ತದೆ ಎಂಬುದು. ಕೇಳಲು ಅಚ್ಚುಕಟ್ಟಾಗಿರುವ ಈ ವಾದವೇ ಮೂರರಲ್ಲಿ ಹೆಚ್ಚು ಅಪಾಯಕಾರಿ ಎಂಬುದು ನನ್ನ ನಂಬಿಕೆ. ಕಾಡುಪ್ರಾಣಿಯನ್ನು ಕೊಲ್ಲಲೇಬೇಕಾದ ಸಂದರ್ಭಗಳು ಇವೆ. ಆದರೆ ಆ ಅನುಮತಿ ಒಂದು ಹೊಲದಲ್ಲಿ ಆದ ಹಾನಿಯಿಂದ ಹುಟ್ಟಬೇಕು, ಆ ಹಾನಿ ನಿಂತ ಕೂಡಲೇ ಮುಗಿಯಬೇಕು.

ಬೇಟೆಯ ಕಾಲ, ಪರವಾನಗಿ ಎಂಬ ಏರ್ಪಾಡು ಹೊರಗಿನಿಂದ ಹೊಸದಾಗಿ ತರಬೇಕಾದ್ದೇನಲ್ಲ. ಅದು ಬೆಳೆದದ್ದೇ ಮದರಾಸಿನ ಆಡಳಿತದಲ್ಲಿ. ಕಾಡಾನೆಗಳ ರಕ್ಷಣೆಗೆಂದು ಮದರಾಸು ಸರ್ಕಾರ 1873ರಲ್ಲೇ ಕಾನೂನು ಮಾಡಿತ್ತು. 1877ರಲ್ಲಿ ನೀಲಗಿರಿಯ ಶಿಕಾರಿ ಹವ್ಯಾಸಿಗಳು ತಮ್ಮದೇ ಸಂಘ ಕಟ್ಟಿಕೊಂಡರು. ಎರಡೇ ವರ್ಷದಲ್ಲಿ, 1879ರಲ್ಲಿ, ನೀಲಗಿರಿಯ ಬೇಟೆ ಪ್ರಾಣಿ ಮತ್ತು ಮೀನುಗಳ ಸಂರಕ್ಷಣಾ ಕಾಯಿದೆ ಬಂತು. ವರ್ಷದ ಕೆಲವು ತಿಂಗಳು ಬೇಟೆ ನಿಷಿದ್ಧ, ಉಳಿದ ತಿಂಗಳು ನಿಯಮಕ್ಕೆ ಒಳಪಟ್ಟು ಬೇಟೆ ಎಂಬ ಪದ್ಧತಿ ಹೀಗೆ ಬೇರೂರಿತು. ಇಂದು ತಮಿಳುನಾಡಿನ ರಾಜ್ಯಪ್ರಾಣಿಯಾಗಿರುವ ವರಯಾಡು, ಅಂದರೆ ನೀಲಗಿರಿ ತಾರ್, ಪೂರ್ತಿ ಅಳಿಯದೆ ಉಳಿದದ್ದರಲ್ಲಿ ಆ ನಿಯಮಗಳ ಪಾಲೂ ಇದೆ ಎಂಬುದನ್ನು ಒಪ್ಪಲೇಬೇಕು. ಆದರೆ ಅದೇ ವ್ಯವಸ್ಥೆಯ ಇನ್ನೊಂದು ಮುಖವನ್ನೂ ನೋಡಬೇಕು. ಬೇಟೆಗಾರನಿಗೆ ಬೇಕಾದ ಕಡವೆ, ವರಯಾಡುಗಳಿಗೆ ರಕ್ಷಣೆ ಸಿಕ್ಕಿತು. ಅವುಗಳನ್ನು ತಿನ್ನುವ ಸೀಳುನಾಯಿಯ ತಲೆಗೆ ಇನಾಮು ಕಟ್ಟಲಾಯಿತು. ತಲೆತಲಾಂತರದಿಂದ ಆ ಕಾಡಿನಲ್ಲೇ ಬೇಟೆಯಾಡಿ ಬದುಕಿದವರು ಕಳ್ಳಬೇಟೆಗಾರರೆನಿಸಿದರು. ಪರವಾನಗಿಯ ವ್ಯವಸ್ಥೆ ಕಾಡನ್ನು ಕಾಯುವಾಗಲೂ ಬೇಟೆಗಾರನ ಕಣ್ಣಿನಿಂದಲೇ ಕಾಯುತ್ತದೆ. ಯಾವ ಪ್ರಾಣಿ ಎಷ್ಟಿರಬೇಕು ಎಂಬುದನ್ನು ಅವನ ಆಸೆಯೇ ತೀರ್ಮಾನಿಸುತ್ತದೆ.

ಸ್ವಾತಂತ್ರ್ಯ ಬಂದ ಮೇಲೂ ಈ ಪದ್ಧತಿ ಒಮ್ಮೆಲೇ ಹೋಗಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೂಲರೂಪದಲ್ಲಿ ವಿಶೇಷ ಬೇಟೆ, ದೊಡ್ಡ ಬೇಟೆ, ಸಣ್ಣ ಬೇಟೆ ಎಂದು ಬೇರೆ ಬೇರೆ ಪರವಾನಗಿಗಳಿಗೆ ಅವಕಾಶವಿತ್ತು. ಕಾಡುಹಂದಿ, ಕಡವೆ, ಚುಕ್ಕೆಜಿಂಕೆಗಳು ದೊಡ್ಡ ಬೇಟೆಯ ಪಟ್ಟಿಯಲ್ಲಿದ್ದವು. 1991ರ ತಿದ್ದುಪಡಿ ಈ ಪರವಾನಗಿಗಳನ್ನೆಲ್ಲ ತೆಗೆದುಹಾಕಿತು. ಉಳಿದದ್ದು ಹನ್ನೊಂದನೆಯ ಕಲಮು. ಹಂದಿಯಂಥ ಪ್ರಾಣಿಯೊಂದು ಮನುಷ್ಯನ ಜೀವಕ್ಕೋ ಆಸ್ತಿಗೋ ಅಪಾಯ ತರುತ್ತಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಕಾರಣ ಬರೆದು ಕೊಲ್ಲಲು ಅನುಮತಿ ನೀಡಬಹುದು. ಆಸ್ತಿ ಎಂಬುದರಲ್ಲಿ ಹೊಲದಲ್ಲಿ ನಿಂತ ಬೆಳೆಯೂ ಸೇರಿದೆ ಎಂದು ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಪರವಾನಗಿಗೂ ಈ ಅನುಮತಿಗೂ ಇರುವ ಅಂತರ ಮೂಲಭೂತವಾದದ್ದು. ಪರವಾನಗಿ ಪಡೆದವನಿಗೆ ಪ್ರಾಣಿಯ ಮೇಲೆ ಒಂದು ಪಾಲು ಸಿಗುತ್ತದೆ, ಮುಂದಿನ ವರ್ಷವೂ ಆ ಪಾಲು ಸಿಗಬೇಕೆಂದು ಅವನು ಬಯಸುತ್ತಾನೆ. ಅನುಮತಿ ಪಡೆದವನಿಗೆ ಅಂಥ ಹಕ್ಕಿಲ್ಲ, ಹಂದಿ ಹೊಲಕ್ಕೆ ಬರುವುದು ನಿಂತರೆ ಅವನ ಕೆಲಸವೂ ನಿಂತಿತು. ಇಂದು ಕೇಳಿಬರುವ ಬೇಡಿಕೆಗಳನ್ನೆಲ್ಲ ಈ ಅಂತರದ ಬೆಳಕಿನಲ್ಲೇ ತೂಗಿ ನೋಡಬೇಕು.

ಹಾಗೆಂದು ರೈತನ ಕಷ್ಟವನ್ನು ಹಗುರವಾಗಿ ಕಾಣುವ ಹಾಗಿಲ್ಲ. ಹಂದಿ ತಿನ್ನುವುದಕ್ಕಿಂತ ಹಾಳುಮಾಡುವುದೇ ಹೆಚ್ಚು. ಒಂದು ಹಿಂಡು ರಾತ್ರಿ ನೆಲಗಡಲೆಯ ಹೊಲಕ್ಕೋ ಮರಗೆಣಸಿನ ತೋಟಕ್ಕೋ ನುಗ್ಗಿದರೆ ಮೂತಿಯಿಂದ ಸಾಲುಸಾಲೇ ಉತ್ತು ಬುಡಮೇಲು ಮಾಡಿ ಹೋಗುತ್ತದೆ. ಮುಸುಕಿನ ಜೋಳವಾದರೆ ದಂಟನ್ನೇ ಮುರಿದು ಕೆಡವುತ್ತದೆ. ತಾಳವಾಡಿ, ಡೆಂಕಣಿಕೋಟೆಗಳಂಥ ಗಡಿಸೀಮೆಯಲ್ಲಿ, ಕನ್ನಡ ಮಾತಾಡುವ ರೈತರೂ ಬಹಳಷ್ಟಿರುವ ಊರುಗಳಲ್ಲಿ, ಅಟ್ಟಣೆ ಕಟ್ಟಿ ರಾತ್ರಿಯಿಡೀ ಕಾಯುವುದು ಬೇಸಾಯದ ಒಂದು ಭಾಗವೇ ಆಗಿಬಿಟ್ಟಿದೆ. ಕಾನೂನಿನ ಬಾಗಿಲು ಮುಚ್ಚಿದ್ದಾಗ ಜನ ಸುಮ್ಮನಿರುವುದಿಲ್ಲ. ಉರುಳು ಹಾಕುತ್ತಾರೆ, ಹಣ್ಣಿನೊಳಗೆ ಸಿಡಿಮದ್ದು ಇಡುತ್ತಾರೆ, ಬೇಲಿಯ ತಂತಿಗೆ ನೇರವಾಗಿ ಕರೆಂಟು ಹರಿಸುತ್ತಾರೆ. 2023ರ ಮಾರ್ಚಿನಲ್ಲಿ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿಯ ಬಳಿ ಹಂದಿಗೆಂದು ಎಳೆದಿದ್ದ ಇಂಥದೇ ತಂತಿಗೆ ತಗುಲಿ ಮೂರು ಹೆಣ್ಣಾನೆಗಳು ಸತ್ತವು, ಅವುಗಳ ಜೊತೆಗಿದ್ದ ಎರಡು ಮರಿಗಳು ಉಳಿದುಕೊಂಡವು. ಕಾನೂನಿನ ಪ್ರಕಾರ ಒಂದು ಹಂದಿಯನ್ನೂ ಕೊಲ್ಲಲು ಬಿಡದ ವ್ಯವಸ್ಥೆ ಕಾನೂನು ಮೀರಿ ಆನೆಗಳು ಸಾಯುವುದನ್ನು ತಡೆಯಲಾರದು. ಆದ್ದರಿಂದಲೇ ತಮಿಳುನಾಡಿನ ಆದೇಶ ತೆರೆದ ಸಣ್ಣ ಬಾಗಿಲು ಸರಿಯಾದದ್ದು.

ಆ ಬಾಗಿಲನ್ನು ಇನ್ನಷ್ಟು ಅಗಲ ಮಾಡಿ ಪರವಾನಗಿಯ ಬೇಟೆಗೇ ಬಿಟ್ಟರೆ ಆಗುವುದೇನು? ಉತ್ತರಕ್ಕೆ ಅಮೆರಿಕದ ಟೆನ್ನೆಸೀ ರಾಜ್ಯದ ಅನುಭವ ಸಾಕು. ಹಂದಿಗಳನ್ನು ಹತೋಟಿಗೆ ತರಲೆಂದು ಅಲ್ಲಿನ ವನ್ಯಜೀವಿ ಇಲಾಖೆ 1999ರಲ್ಲಿ ರಾಜ್ಯದುದ್ದಕ್ಕೂ ಬೇಟೆಯ ಕಾಲ ಘೋಷಿಸಿ, ಒಬ್ಬರು ಎಷ್ಟು ಹೊಡೆಯಬಹುದೆಂಬ ಮಿತಿಯನ್ನೂ ತೆಗೆದುಹಾಕಿತು. ಹಂದಿ ಕಡಿಮೆಯಾಗುವ ಬದಲು ಹೊಸ ಹೊಸ ಕಡೆ ಹಬ್ಬಿತು. ಮೊದಲು ಸುಮಾರು 15 ಕೌಂಟಿಗಳಲ್ಲಿದ್ದದ್ದು ಹತ್ತು ಹನ್ನೆರಡು ವರ್ಷಗಳಲ್ಲಿ 95 ಕೌಂಟಿಗಳ ಪೈಕಿ ಸುಮಾರು 80ರಲ್ಲಿ ಕಾಣಿಸಿಕೊಂಡಿತು. ಬೇಟೆಯ ರುಚಿ ಹತ್ತಿದವರು ತಮ್ಮ ಊರಿನ ಹತ್ತಿರವೂ ಬೇಟೆ ಸಿಗಲೆಂದು ಹಂದಿಗಳನ್ನು ಕದ್ದು ಸಾಗಿಸಿ ಬಿಟ್ಟದ್ದೇ ಇದಕ್ಕೆ ಕಾರಣ. ಕೊನೆಗೆ 2011ರಲ್ಲಿ ಹಂದಿಯನ್ನು ದೊಡ್ಡ ಬೇಟೆಯ ಪಟ್ಟಿಯಿಂದಲೇ ತೆಗೆದು, ಹತೋಟಿಯ ಕೆಲಸವನ್ನು ಇಲಾಖೆ ಮತ್ತು ಜಮೀನುದಾರರಿಗೆ ವಹಿಸಬೇಕಾಯಿತು. ಅಲ್ಲಿ ಹಂದಿ ಹೊರಗಿನಿಂದ ಬಂದ ಪ್ರಾಣಿ, ಇಲ್ಲಿ ನಮ್ಮ ಕಾಡಿನದೇ ಪ್ರಾಣಿ ಎಂಬುದು ನಿಜ. ಆದರೆ ಬೇಟೆಗಾರನ ಮನಸ್ಸು ಎಲ್ಲ ಕಡೆಯೂ ಒಂದೇ. ಹಂದಿ ಇರುವವರೆಗೂ ಶಿಕಾರಿ ಇರುತ್ತದೆಯಾದ್ದರಿಂದ ಹಂದಿ ಮುಗಿಯಲೆಂದು ಅವನು ಬಯಸಲಾರ. ಒಂದೊಂದು ಸೂಲಿಗೆ ನಾಲ್ಕಾರು ಮರಿ ಹಾಕುವ ಪ್ರಾಣಿ ಇದು. ಆಗೊಮ್ಮೆ ಈಗೊಮ್ಮೆ ಬಂದು ದೊಡ್ಡ ಗಂಡನ್ನು ಆರಿಸಿ ಹೊಡೆಯುವ ಹವ್ಯಾಸಿಯಿಂದ ಅದರ ಸಂಖ್ಯೆ ಇಳಿಯುವುದಿಲ್ಲ.

ಅಮೆರಿಕದ ಬೇಟೆಗಾರರ ಹಣದಿಂದಲೇ ಅಲ್ಲಿನ ಕಾಡುಗಳು ಉಳಿದವಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಅದರಲ್ಲಿ ಸತ್ಯವಿದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯ ಪ್ರಕಾರ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆ ಅಲ್ಲಿನ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. ಪ್ರತಿ ವರ್ಷ ಎಣಿಕೆ ಮಾಡಿ, ಬೇಟೆಯ ಕಾಲವನ್ನು ನಿಗದಿಮಾಡಿ, ಕೆಲವು ಕಡೆ ಚೀಟಿ ಎತ್ತಿ ಪರವಾನಗಿ ಹಂಚುವ ಶಿಸ್ತೂ ಅಲ್ಲಿದೆ. ಆದರೆ ಆ ಶಿಸ್ತು ನಿಂತಿರುವುದು ವಿಶಾಲವಾದ, ಜನವಿರಳವಾದ ನೆಲದ ಮೇಲೆ. ತೋಳದಂಥ ಬೇಟೆಯಾಡುವ ಪ್ರಾಣಿಗಳನ್ನು ಅಳಿಸಿಹಾಕಿದ ಎಷ್ಟೋ ಸೀಮೆಗಳಲ್ಲಿ ಜಿಂಕೆಗಳ ಸಂಖ್ಯೆ ತಗ್ಗಿಸಲು ಅಲ್ಲಿ ಮನುಷ್ಯನೇ ಉಳಿದ. ನಮ್ಮ ಸ್ಥಿತಿ ಬೇರೆ. 2013ರಲ್ಲಿ ಹುಲಿ ಮೀಸಲು ಪ್ರದೇಶವೆಂದು ಘೋಷಿತವಾದ ಸತ್ಯಮಂಗಲದಲ್ಲಿ ಹುಲಿಗಳ ಸಂಖ್ಯೆ ಏರಿದೆ, ಆ ಹುಲಿಗೂ ಅದರ ಸುತ್ತಲಿನ ಚಿರತೆ, ಸೀಳುನಾಯಿಗಳಿಗೂ ಹಂದಿ ಆಹಾರ. ಕಾಡಿನ ಹಂದಿ ಕಡಿಮೆಯಾದರೆ ಅವುಗಳ ಕಣ್ಣು ಕಾಡಂಚಿನ ದನಕರುಗಳ ಮೇಲೆ ಬೀಳುತ್ತದೆ. ಇನ್ನು ನಮ್ಮ ಹೊಲಗಳಲ್ಲಿ ರಾತ್ರಿ ಹೊತ್ತು ನೀರು ಕಟ್ಟುವವರು, ಕಾವಲಿರುವವರು, ಕುರಿಮಂದೆ ತಂಗಿಸಿದವರು ಇರುತ್ತಾರೆ. ಅಂಥ ಕತ್ತಲಿಗೆ ಹಣ ಕೊಟ್ಟು ಪರವಾನಗಿ ಪಡೆದ ಅಪರಿಚಿತ ಕೋವಿಗಳನ್ನು ಬಿಡುವುದು ಜವಾಬ್ದಾರಿಯ ಕೆಲಸವಲ್ಲ.

ಕೇರಳ ಇದೇ ಸಮಸ್ಯೆಗೆ ಬೇರೆ ದಾರಿ ಹಿಡಿಯಿತು. 2022ರಲ್ಲಿ ಅಲ್ಲಿ ಪಂಚಾಯಿತಿ ಅಧ್ಯಕ್ಷರಂಥ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೇ ಹಂದಿಯನ್ನು ಹೊಡೆಯಲು ಅನುಮತಿ ನೀಡುವ ಅಧಿಕಾರ ಕೊಡಲಾಯಿತು. ದೂರು ಕೊಟ್ಟ ರೈತ ದೂರದ ಕಚೇರಿಗೆ ಅಲೆಯುವುದು ತಪ್ಪಿತು ಎಂಬುದು ಅದರ ದೊಡ್ಡ ಗುಣ. ಹಂದಿಯನ್ನು ಉಪದ್ರವಿ ಪ್ರಾಣಿಯೆಂದು ಘೋಷಿಸಬೇಕೆಂಬ ಕೇರಳದ ಕೋರಿಕೆಯನ್ನು ಮಾತ್ರ ಕೇಂದ್ರ ಒಪ್ಪಲಿಲ್ಲ. ಹಾಗೆ ಒಪ್ಪದಿದ್ದದ್ದು ಒಳ್ಳೆಯದೇ ಆಯಿತು. ಘೋಷಣೆಯಾದ ಪ್ರದೇಶದಲ್ಲಿ ಆ ಅವಧಿಯವರೆಗೆ ಆ ಪ್ರಾಣಿಗೆ ಬೇಟೆಯಿಂದ ಕಾನೂನಿನ ರಕ್ಷಣೆಯೇ ಇರುವುದಿಲ್ಲ. ಬಿಹಾರದಲ್ಲಿ 2015ರ ಕೊನೆಗೆ ನೀಲಗಾಯಿ ಮತ್ತು ಹಂದಿಗಳನ್ನು ಹೀಗೆ ಘೋಷಿಸಿದ ಮೇಲೆ, 2016ರಲ್ಲಿ ಮೊಕಾಮಾದಲ್ಲಿ ಹೊರಗಿನಿಂದ ಕರೆಸಿದ ಬಂದೂಕುಧಾರಿಗಳು ಕೆಲವೇ ದಿನಗಳಲ್ಲಿ 200ಕ್ಕೂ ಹೆಚ್ಚು ನೀಲಗಾಯಿಗಳನ್ನು ಹೊಡೆದು ಹಾಕಿದರು. ಕೇಂದ್ರ ಸರ್ಕಾರದ ಇಬ್ಬರು ಸಚಿವರ ನಡುವೆಯೇ ಅದು ಬಹಿರಂಗ ಜಗಳಕ್ಕೆ ಕಾರಣವಾಯಿತು. ಹೊಡೆದದ್ದು ಹಾನಿ ಮಾಡಿದ ಪ್ರಾಣಿಯನ್ನೇ ಎಂದು ಹೇಳುವ ಯಾವ ದಾರಿಯೂ ಅಲ್ಲಿರಲಿಲ್ಲ. ಕೇರಳದಿಂದ ಕಲಿಯಬೇಕಾದ್ದು ನಿರ್ಧಾರವನ್ನು ಹಳ್ಳಿಯ ಹತ್ತಿರ ತರುವ ವೇಗವನ್ನು, ಬಿಹಾರದಿಂದ ಕಲಿಯಬೇಕಾದ್ದು ಲೆಕ್ಕವಿಲ್ಲದ ಬೇಟೆಯ ಪರಿಣಾಮವನ್ನು.

ಯಾವ ಪ್ರಾಣಿಯನ್ನೂ ಕೊಲ್ಲಬಾರದು ಎನ್ನುವವರ ಕಳಕಳಿಯನ್ನು ನಾನು ಗೌರವಿಸುತ್ತೇನೆ. ನೋವಿನ ಬಗೆಗಿನ ಅವರ ಎಚ್ಚರ ಈ ಚರ್ಚೆಗೆ ಬೇಕೇ ಬೇಕು. ಆದರೆ ಕೊಲ್ಲದಿರುವ ನಿಯಮದ ಬೆಲೆಯನ್ನು ಚೆನ್ನೈಯಲ್ಲಿರುವ ನಾವು ತೆರುವುದಿಲ್ಲ. ನಮ್ಮ ನಗರದ ನಡುವೆ ಗಿಂಡಿಯ ರಾಷ್ಟ್ರೀಯ ಉದ್ಯಾನದಲ್ಲಿ ಕೃಷ್ಣಮೃಗಗಳಿವೆ. ಅವು ಬೇಲಿಯೊಳಗಿರುವುದರಿಂದ ಯಾರ ಊಟವನ್ನೂ ಕಸಿಯುವುದಿಲ್ಲ. ಕಾಡಂಚಿನ ಸಣ್ಣ ರೈತನಿಗಾದರೋ ಒಂದು ರಾತ್ರಿಯ ನಷ್ಟ ಎಂದರೆ ಆ ವರ್ಷದ ಸಾಲ ತೀರದು ಎಂದು ಅರ್ಥ. ಪ್ರಾಣಿಗಳ ಮೇಲಿನ ಪ್ರೀತಿಯ ಖರ್ಚನ್ನೆಲ್ಲ ಅವನೊಬ್ಬನ ತಲೆಗೆ ಹೊರಿಸಿದರೆ ಅವನಿಗೆ ಕಾಡಿನ ಮೇಲೇ ದ್ವೇಷ ಹುಟ್ಟುತ್ತದೆ. ಹಾಗೆ ಕಾಡನ್ನು ದ್ವೇಷಿಸುವ ನೆರೆಯವರ ನಡುವೆ ಯಾವ ಪ್ರಾಣಿಯೂ ಬಹುಕಾಲ ಉಳಿಯಲಾರದು.

ತಮಿಳುನಾಡಿನ ಆದೇಶದಲ್ಲಿ ಒಂದು ದೊಡ್ಡ ಕೊರತೆಯೂ ಇದೆ. ಹಂದಿಯ ಕಾಟ ಕಾಡಂಚಿನ ಹಳ್ಳಿಗಳಿಗೆ ನಿತ್ಯದ್ದು. ಆ ಹಳ್ಳಿಗಳು ಮೂರು ಕಿಲೋಮೀಟರಿನೊಳಗೇ ಬೀಳುವುದರಿಂದ ಗುಂಡಿನ ಅನುಮತಿ ಅಲ್ಲಿನ ರೈತರಿಗೆ ಸಿಗುವುದೇ ಇಲ್ಲ. ಕಾಡಿನ ಪಕ್ಕದಲ್ಲಿ ಕೊಲ್ಲದಿರುವುದು ಹುಲಿ ಚಿರತೆಗಳ ದೃಷ್ಟಿಯಿಂದ ಸರಿ. ಆದರೆ ಆ ನಿರ್ಧಾರದ ಹೊರೆ ಸರ್ಕಾರದ್ದಾಗಬೇಕು. ಆ ಮೂರು ಕಿಲೋಮೀಟರಿನ ಪಟ್ಟಿಯಲ್ಲಿ ಒಂದೊಂದು ಹೊಲಕ್ಕೆ ಅಂತಲ್ಲದೆ ಇಡೀ ಊರಿಗೆ ಸೇರಿ ಸೋಲಾರ್ ಬೇಲಿ ಬೇಕು. ಅದು ಕ್ಷಣಕ್ಷಣಕ್ಕೆ ಚುಟುಕು ಹೊಡೆತ ಕೊಟ್ಟು ಪ್ರಾಣಿಯನ್ನು ಹಿಂದೆ ಓಡಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ಬೇಲಿಗಳ ನೋಂದಣಿಗೆ ತಮಿಳುನಾಡು 2023ರಲ್ಲಿ ತಂದ ನಿಯಮಗಳು ಈ ದಿಕ್ಕಿನ ಮೊದಲ ಹೆಜ್ಜೆ. ಬೆಳೆನಷ್ಟದ ಪರಿಹಾರ ಮುಂದಿನ ಬಿತ್ತನೆಯೊಳಗೆ ರೈತನ ಖಾತೆಗೆ ಸೇರಬೇಕು. ಇನ್ನು ಮೂರು ಕಿಲೋಮೀಟರಿನಾಚೆ, ದೂರನ್ನು ಹಳ್ಳಿ ಮಟ್ಟದ ಸಮಿತಿ ಕೂಡಲೇ ನೋಡಿ ತೀರ್ಮಾನಿಸಬೇಕು. ಅನುಮತಿಯಲ್ಲಿ ಹೊಲ, ಅವಧಿ, ಸಂಖ್ಯೆ ಮೂರೂ ನಮೂದಾಗಬೇಕು. ಸತ್ತ ಹಂದಿಯ ಮಾಂಸ ಮಾರಾಟಕ್ಕೆ ಬರಬಾರದು, ಬಂದರೆ ಬೆಳೆಯ ನೆಪದಲ್ಲಿ ಮಾಂಸದ ವ್ಯಾಪಾರ ಬೆಳೆಯುತ್ತದೆ.

ಈ ಎಲ್ಲಕ್ಕಿಂತ ಮುಖ್ಯವಾದದ್ದು ಯಶಸ್ಸನ್ನು ಅಳೆಯುವ ಬಗೆ. ಪರವಾನಗಿಯ ವ್ಯವಸ್ಥೆ ಎಷ್ಟು ಪ್ರಾಣಿ ಬಿದ್ದವು, ಎಷ್ಟು ಹಣ ಬಂತು ಎಂದು ಎಣಿಸುತ್ತದೆ. ನಮಗೆ ಬೇಕಾದ ಲೆಕ್ಕ ಬೇರೆ: ಎಷ್ಟು ಎಕರೆ ಬೆಳೆ ಮನೆ ಸೇರಿತು, ಎಷ್ಟು ದೂರುಗಳು ನಿಂತವು, ಅಕ್ರಮ ತಂತಿಗೆ ಸಿಕ್ಕು ಸತ್ತ ಆನೆಗಳ ಸಂಖ್ಯೆ ಇಳಿಯಿತೇ. ಈ ಲೆಕ್ಕವನ್ನು ಪ್ರತಿ ವರ್ಷ ತಾಲ್ಲೂಕುವಾರು ಸಾರ್ವಜನಿಕರ ಮುಂದಿಟ್ಟರೆ, ಗುಂಡು ಉಪಯೋಗಕ್ಕೆ ಬಂದ ಕಡೆ ಅದನ್ನು ಮುಂದುವರಿಸಬಹುದು, ಬಾರದ ಕಡೆ ನಿಲ್ಲಿಸಿ ಆ ಹಣವನ್ನು ಬೇಲಿಗೆ ಹಾಕಬಹುದು. ವಿಧಾನಸಭೆಯ ಸದಸ್ಯರು ಮುಂದಿನ ಅಧಿವೇಶನದಲ್ಲಿ ಅರಣ್ಯ ಸಚಿವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಹಂದಿ ಕೊಂದಿರಿ ಎಂಬುದಲ್ಲ, ಎಷ್ಟು ಹೊಲ ಉಳಿಸಿದಿರಿ ಎಂಬುದು.