ಓದಲಿ, ಓದಿಕೊಳ್ಳಲಿ

ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಎಂಬ ಮೂರು ಕ್ರಿಯಾಪದ ರೂಪಗಳನ್ನು ನನ್ನ ತರಗತಿಯಲ್ಲಿ ನೀವೆಲ್ಲ ಬಾಯಿಪಾಠ ಮಾಡಿದವರೇ. ‘ಮಾಡಲಿ, ಮಾಡನು, ಮಾಡಾನು’ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿ ಕುಳಿತುಕೊಳ್ಳುತ್ತಿದ್ದಿರಿ. ಆ ‘ಕುಳಿತುಕೊಳ್ಳು’ವಿನ ಬಾಲದಲ್ಲಿರುವ ‘ಕೊಳ್ಳು’ ಏನು ಕೆಲಸ ಮಾಡುತ್ತದೆ ಎಂದು ಯಾರೂ ಕೇಳಲಿಲ್ಲ. ನಾವು ಕಲಿಸುತ್ತಿದ್ದ ವ್ಯಾಕರಣದಲ್ಲಿ ಅದಕ್ಕೆಂದು ಪ್ರತ್ಯೇಕ ಪಾಠವೂ ಇರಲಿಲ್ಲ. ಇರಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ವಿಚಿತ್ರವೆಂದರೆ ಈ ಅಭಿಪ್ರಾಯ ಗಟ್ಟಿಯಾದದ್ದು ಸ್ಪ್ಯಾನಿಷ್ ಭಾಷೆಯ ದೆಸೆಯಿಂದ.

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗಳು ಅಲ್ಲಿಯ ಶಾಲೆಯಲ್ಲಿ ಸ್ಪ್ಯಾನಿಷ್ ಓದುತ್ತಾಳೆ. ಅವಳಿಗೆ ಕಗ್ಗಂಟಾದ ವಾಕ್ಯ ಇದು: ‘ಕಿಯೆರೊ ಕೆ ತೆ ಲಾವೆಸ್ ಲಾಸ್ ಮಾನೊಸ್’. ನೀನು ಕೈ ತೊಳೆದುಕೊಳ್ಳಬೇಕೆಂದು ನನ್ನ ಇಚ್ಛೆ ಎಂದು ಅರ್ಥ. “ಮೇಷ್ಟ್ರೇ, ಇಂಗ್ಲಿಷಿನಲ್ಲಿ ‘ವಾಷ್ ಯುವರ್ ಹ್ಯಾಂಡ್ಸ್’ ಅಂದರೆ ಮುಗೀತು. ಇಲ್ಲಿ ಈ ‘ತೆ’ ಯಾಕೆ, ‘ಲಾವಾಸ್’ ಹೋಗಿ ‘ಲಾವೆಸ್’ ಆಗಿದ್ದು ಯಾಕೆ, ಅವಳಿಗೆ ಹೇಗೆ ಹೇಳಲಿ?” ಎಂದು ಫೋನಿನಲ್ಲಿ ಕೇಳಿದ. ಇಂಗ್ಲಿಷನ್ನು ಪಕ್ಕಕ್ಕಿಟ್ಟು ಕನ್ನಡದಲ್ಲಿ ಹೇಳು ಎಂದೆ.

ಸ್ಪ್ಯಾನಿಷಿನಲ್ಲಿ ‘ಲಾವಾರ್’ ಎಂದರೆ ತೊಳೆಯುವುದು, ‘ಲಾವಾರ್ಸೆ’ ಎಂದರೆ ತೊಳೆದುಕೊಳ್ಳುವುದು. ನಮ್ಮ ‘ಕೊಳ್ಳು’ ಮಾಡುವ ಕೆಲಸವನ್ನು ಅಲ್ಲಿ ಮೆ, ತೆ, ಸೆ, ನೋಸ್, ಓಸ್ ಎಂಬ ಪುಟ್ಟ ಸರ್ವನಾಮಗಳು ಮಾಡುತ್ತವೆ. ‘ನೀನು ತೊಳೆದುಕೊಳ್ಳುತ್ತೀಯೆ’ ಎಂಬ ಸಂಗತಿಯನ್ನು ಹೇಳುವಾಗ ‘ತೆ ಲಾವಾಸ್’. ಅದನ್ನೇ ಇನ್ನೊಬ್ಬರು ಬಯಸಿದಾಗ ‘ತೆ ಲಾವೆಸ್’. ‘ಆ’ಕಾರ ಸರಿದು ‘ಎ’ಕಾರ ಬರುತ್ತದೆ. ‘ಎರ್’, ‘ಇರ್’ ಎಂದು ಮುಗಿಯುವ ಧಾತುಗಳಲ್ಲಿ ‘ಆ’ಕಾರವೇ ಬರುತ್ತದೆ. ಬಯಸುವವನೂ ಮಾಡುವವನೂ ಒಬ್ಬನೇ ಆದರೆ ಈ ಬದಲಾವಣೆಯೇ ಬೇಡ, ‘ಕಿಯೆರೊ ಲಾವಾರ್ಮೆ’ ಎಂದರೆ ಸಾಕು. ಬಯಕೆ ಒಬ್ಬರದು, ಕೆಲಸ ಇನ್ನೊಬ್ಬರದು ಆದಾಗಲೇ ಕ್ರಿಯಾಪದ ವೇಷ ಬದಲಿಸುವುದು.

ನಮ್ಮಲ್ಲಿ ‘ಕೊಳ್ಳು’ವಿಗೆ ‘ಅಲಿ’ ಸೇರಿದರೆ ‘ತೊಳೆದುಕೊಳ್ಳಲಿ’. ಅವನು, ಅವಳು, ಅವರು ಎಲ್ಲರಿಗೂ ಇದೊಂದೇ ರೂಪ. ಸ್ಪ್ಯಾನಿಷಿನವರಿಗೆ ಒಬ್ಬರಾದರೆ ‘ಸೆ ಲಾವೆ’, ಹಲವರಾದರೆ ‘ಸೆ ಲಾವೆನ್’. ಎರಡು ಭಾಷೆಗಳೂ ಎಲ್ಲೆಡೆ ತಾಳೆಯಾಗುತ್ತವೆ ಎಂದಲ್ಲ. ಕುಳಿತುಕೊಳ್ಳುವುದಕ್ಕೆ ಅಲ್ಲಿ ‘ಸೆಂತಾರ್ಸೆ’, ಮಲಗಿಕೊಳ್ಳುವುದಕ್ಕೆ ‘ಅಕೊಸ್ತಾರ್ಸೆ’. ಏಳುವುದಕ್ಕೂ ‘ಲೆವಾಂತಾರ್ಸೆ’ ಎಂದು ‘ಸೆ’ ಬೇಕು. ನಾವು ಮಾತ್ರ ಕುಳಿತುಕೊಂಡು, ಮಲಗಿಕೊಂಡು, ಬರಿದೇ ಏಳುತ್ತೇವೆ! ಸಂಶಯದ ಮಾತಿಗೂ ಅವರು ಈ ರೂಪವನ್ನೇ ಬಳಸುತ್ತಾರೆ, ನಾವು ‘ನೆನಪಿಟ್ಟುಕೊಂಡಾನೆ?’ ಎಂದು ಸಂಭಾವನಾರ್ಥಕಕ್ಕೆ ಹೋಗುತ್ತೇವೆ.

ಇನ್ನೊಂದು ಹೋಲಿಕೆ ನನಗೆ ಬಹಳ ಹಿಡಿಸಿತು. ಸ್ಪ್ಯಾನಿಷಿನಲ್ಲಿ ಹಿರಿಯರಿಗೆ ಗೌರವದಿಂದ ಹೇಳುವ ‘ಲಾವೆಸೆ’ (ತೊಳೆದುಕೊಳ್ಳಿ) ಎಂಬ ಮಾತು ಹುಟ್ಟಿದ್ದೂ ಈ ಬಯಕೆಯ ರೂಪದಿಂದಲೇ. ನಮ್ಮ ಮಂಡ್ಯದ ಆಡುಮಾತಿನಲ್ಲಿಯೂ ‘ನೀವು ತೊಳೆದುಕೊಳ್ಳಿ’, ‘ಅವನು ತೊಳೆದುಕೊಳ್ಳಲಿ’ ಎಂಬ ಎರಡೂ ‘ತೊಳ್ಕಳ್ಳಿ’ಯಲ್ಲಿ ಒಂದಾಗುತ್ತವೆ.

ಇದು ಪಂಡಿತರಿಗೆ ಹೊಸ ವಿಷಯವಲ್ಲ. ಸಂಸ್ಕೃತದಲ್ಲಿ ಪುರೋಹಿತ ಇನ್ನೊಬ್ಬರಿಗಾಗಿ ಯಜ್ಞ ಮಾಡಿದರೆ ‘ಯಜತಿ’, ಯಜಮಾನ ತನಗಾಗಿ ಮಾಡಿಕೊಂಡರೆ ‘ಯಜತೇ’. ಪರಸ್ಮೈಪದ, ಆತ್ಮನೇಪದ ಎಂಬ ಹೆಸರುಗಳೇ ಇದನ್ನು ಸಾರುತ್ತವೆ. ಸಂಧಿ ಸಮಾಸಗಳ ಚೌಕಟ್ಟನ್ನು ಸಂಸ್ಕೃತದಿಂದ ಧಾರಾಳವಾಗಿ ತಂದ ನಮ್ಮ ಶಾಲಾ ವ್ಯಾಕರಣ, ಕನ್ನಡದಲ್ಲಿ ತಾನಾಗಿಯೇ ಇರುವ ಈ ಭೇದವನ್ನು ಗಮನಿಸಲಿಲ್ಲ. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಡಿ.ಎನ್. ಶಂಕರ ಭಟ್ಟರು ಪುಸ್ತಕವನ್ನೇ ಬರೆದರು. ಅವರ ಎಲ್ಲ ವಾದಗಳನ್ನೂ ನಾನು ಒಪ್ಪುವವನಲ್ಲ, ಆದರೆ ಈ ಶೀರ್ಷಿಕೆಯನ್ನು ಒಪ್ಪುತ್ತೇನೆ.

‘ಮಗ ಓದಲಿ’ ಎಂದರೆ ಅದು ತಂದೆಯ ಆಸೆ ಅಥವಾ ಅಪ್ಪಣೆ. ‘ಓದಿಕೊಳ್ಳಲಿ’ ಎಂದಾಗ ಆಸೆ ತಂದೆಯದೇ ಆದರೂ ಓದು ಮಗನ ಸ್ವಂತದ್ದಾಗುತ್ತದೆ. ತಂದೆ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾನೆ. ನಮ್ಮೂರ ಕಾಲಭೈರವೇಶ್ವರನ ಮುಂದೆ ನಿಂತ ತಾಯಂದಿರು ‘ಸೊಸೆ ಹೊಂದಿಕೊಳ್ಳಲಿ, ಮಗ ಕೆಲಸ ಹಿಡಿದುಕೊಳ್ಳಲಿ’ ಎಂದು ಬೇಡುವುದೂ ಈ ರೂಪದಲ್ಲಿಯೇ. ಅದೇ ತಾಯಿ ಬೇಸತ್ತ ದಿನ ‘ಏನಾರ ಮಾಡ್ಕಳ್ಳಿ ಬುಡತ್ಲಾಗೆ’ ಎಂದು ಕೈಬಿಡುವುದೂ ಇದರಲ್ಲಿಯೇ. ಹರಕೆ, ತಿರಸ್ಕಾರ ಎರಡಕ್ಕೂ ಒಂದೇ ರೂಪ, ದನಿ ಮಾತ್ರ ಬೇರೆ. ಇಂಗ್ಲಿಷಿನ ಮೂಲಕ ಕನ್ನಡ ಕಲಿಯುವ ಮಗುವಿಗೆ ಈ ದನಿ ಹೇಗೆ ಸಿಕ್ಕೀತು?

ಅಮೆರಿಕದವರನ್ನೇ ಏಕೆ ಅನ್ನಬೇಕು? ಮದ್ದೂರಿನಲ್ಲಿಯೇ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳು ‘ನಾನು ನನ್ನ ತಲೆ ಬಾಚಿದೆ’ ಎನ್ನುವುದನ್ನು ಕೇಳಿದ್ದೇನೆ. ಬಾಚಿಕೊಂಡೆ ಎಂದರೆ ಆ ‘ನನ್ನ’ ಬೇಕಿಲ್ಲ. ‘ನಿಮ್ಮ ಕೈಗಳನ್ನು ತೊಳೆಯಿರಿ’ ಎಂಬ ಫಲಕಗಳೂ ಇಂಗ್ಲಿಷಿನ ನೆರಳೇ. ಕನ್ನಡಿಗನಿಗೆ ‘ಕೈ ತೊಳೆದುಕೊಳ್ಳಿ’ ಎಂದರೆ ಸಾಕು, ಯಾರ ಕೈ ಎಂದು ಅವನು ಕೇಳುವುದಿಲ್ಲ.

ಪರದೇಶದಲ್ಲಿರುವ ನೀವು ಮಕ್ಕಳಿಗೆ ಅಕ್ಷರ ಕಲಿಸಲಾಗಲಿಲ್ಲವೆಂದು ನನ್ನ ಬಳಿ ಕೊರಗುತ್ತೀರಿ. ಅಕ್ಷರ ನಿಧಾನವಾಗಿ ಬರಲಿ. ಊಟಕ್ಕೆ ಕರೆಯುವಾಗ, ಮಲಗಿಸುವಾಗ ‘ತೊಳೆದುಕೊ, ಬಡಿಸಿಕೊ, ಹೊದ್ದುಕೊ’ ಎಂದು ಕನ್ನಡದಲ್ಲಿಯೇ ಹೇಳಿ. ಸ್ಪ್ಯಾನಿಷ್ ಓದುವ ಮಕ್ಕಳಿದ್ದರೆ ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ತೋರಿಸಿ. ಮನೆಯ ಭಾಷೆ ಶಾಲೆಯಲ್ಲಿಯೂ ಉಪಯೋಗಕ್ಕೆ ಬಂತೆಂದರೆ ಮಕ್ಕಳಿಗೆ ಅದರ ಮೇಲೆ ಗೌರವ ಹುಟ್ಟುತ್ತದೆ. ಇನ್ನು ನಿಮ್ಮಲ್ಲಿ ಕನ್ನಡ ಅಧ್ಯಾಪಕರಾಗಿರುವವರಿಗೆ ಒಂದು ಮಾತು. ಸಮಾಸಗಳಿಗೆ ಮೀಸಲಿಟ್ಟ ಅವಧಿಗಳಲ್ಲಿ ಒಂದನ್ನು ಉಳಿಸಿ ‘ಕೊಳ್ಳು’ವಿಗೆ ಕೊಡಿ. ಪರೀಕ್ಷೆಯಲ್ಲಿ ಅದಕ್ಕೆ ಅಂಕವಿಲ್ಲ ಎಂದು ಹುಡುಗರು ಗೊಣಗಿಯಾರು, ಗೊಣಗಿಕೊಳ್ಳಲಿ.