ಬೂದಿ ನಮಗೆ, ವಿದ್ಯುತ್ ಕಾರು ಯಾರಿಗೆ?

"ಜನಕ್ಕೆ ತಿಳಿವಳಿಕೆ ಸಾಲದು, ಹೊಸದೆಂದರೆ ಅಂಜುತ್ತಾರೆ, ಅದಕ್ಕೇ ಮೊದಲ ವಿದ್ಯುತ್ ಕಾರುಗಳು ನಡೆಯಲಿಲ್ಲ" ಎಂದು ದೊಡ್ಡ ಪೇಟೆಯ ಪಂಡಿತರು ಹೇಳುತ್ತ ಬಂದಿದ್ದಾರೆ. ಇದು ಶುದ್ಧ ಸುಳ್ಳು. ಜನ ಅಂಜಲಿಲ್ಲ, ಲೆಕ್ಕ ಹಾಕಿದರು. ಲೆಕ್ಕ ಕೂಡಲಿಲ್ಲ, ಬಿಟ್ಟರು.

ಕಥೆ ನಮ್ಮ ನಾಡಿನದೇ. ಬೆಂಗಳೂರಿನ ಮೈನಿ ಸಮೂಹವು ಅಮೆರಿಕದ ಅಮೆರಿಗಾನ್ ಕಂಪನಿಯೊಡನೆ ಸೇರಿ 1994ರಲ್ಲಿ ಜಂಟಿ ಉದ್ಯಮ ಕಟ್ಟಿತು. 2001ರಲ್ಲಿ 'ರೇವಾ' ಕಾರು ರಸ್ತೆಗಿಳಿಯಿತು. ಹೊಗೆಯಿಲ್ಲ, ಸದ್ದಿಲ್ಲ, ಸುಮಾರು ಹತ್ತು ಯೂನಿಟ್ ಕರೆಂಟಿಗೆ ಒಂದು ಪೂರ್ತಿ ಚಾರ್ಜು. ನಮ್ಮ ಎಂಜಿನಿಯರರೂ ಕಾರ್ಮಿಕರೂ ಮಾಡಿದ ಈ ಕೆಲಸ ಸಣ್ಣದೇನಲ್ಲ. ಆದರೂ ಹತ್ತು ವರ್ಷಗಳಲ್ಲಿ ಇಡೀ ಜಗತ್ತಿನಲ್ಲಿ ಮಾರಾಟವಾದದ್ದು ಕೆಲವೇ ಸಾವಿರ. ಏಕೆ?

ಮೊದಲನೆಯದು ಬೆಲೆ. ರೇವಾದಲ್ಲಿ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಕೂಡಬಹುದಿತ್ತು. ಇಡೀ ಸಂಸಾರವನ್ನೂ ಗಂಟುಮೂಟೆಯನ್ನೂ ಹೊರುವ ಮಾರುತಿ 800 ಅದಕ್ಕಿಂತ ಅಗ್ಗ. ಮೇಲಾಗಿ ಸೀಸದ ಬ್ಯಾಟರಿಗಳನ್ನು ಮೂರು ವರ್ಷಕ್ಕೊಮ್ಮೆ ಬದಲಿಸಬೇಕು. ಉರಿಬಿಸಿಲಿಗೆ ಅವುಗಳ ಆಯುಷ್ಯ ಇನ್ನೂ ಕಡಿಮೆ. ನಲವತ್ತು ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ಆ ಖರ್ಚನ್ನು ಯಾವ ಕಿರಾಣಿ ವ್ಯಾಪಾರಿ ತಾಳಿಯಾನು?

ಎರಡನೆಯದು ದೂರ. ಒಂದು ಚಾರ್ಜಿಗೆ ಓಡುತ್ತಿದ್ದದ್ದು ಸುಮಾರು 80 ಕಿ.ಮೀ. ಮಾನ್ವಿಯಿಂದ ರಾಯಚೂರಿನ ರಾಜೇಂದ್ರ ಗಂಜಿಗೆ ಬಂದು ಹಿಂದಿರುಗಿದರೆ ಅದು ಮೀರಿತು. ದೇವದುರ್ಗದವನ ಪಾಡು ಇನ್ನೂ ಕಷ್ಟ.

ಮೂರನೆಯದು ಪ್ಲಗ್ಗು. ಪೂರ್ತಿ ಚಾರ್ಜಿಗೆ ಸುಮಾರು ಎಂಟು ತಾಸು. ಬಂಗಲೆಯವನಿಗೆ ಗ್ಯಾರೇಜಿದೆ. ಬಾಡಿಗೆ ಖೋಲಿಯಲ್ಲಿರುವ ಗಿರಣಿ ಕಾರ್ಮಿಕನು ವೈರನ್ನು ಎಲ್ಲಿಂದ ಎಳೆಯಬೇಕು? ಹೀಗಾಗಿ ಆಗಲೇ ಒಂದು ಕಾರಿದ್ದವನ ಎರಡನೆಯ ಕಾರಾಗಿ ಮಾತ್ರ ಅದು ಉಳಿಯಿತು.

"ಇದು ಬ್ಯಾಟರಿಯ ಮಿತಿ, ಸರಕಾರ ಏನು ಮಾಡೀತು?" ಎನ್ನುವವರು ಲಂಡನ್ನನ್ನು ನೋಡಲಿ. ನಗರದ ನಡುಭಾಗಕ್ಕೆ ಬರುವ ಮೋಟಾರುಗಳ ಮೇಲೆ 2003ರಿಂದ ಸುಂಕ ಹಾಕಿ ವಿದ್ಯುತ್ ಕಾರುಗಳಿಗೆ ವಿನಾಯಿತಿ ಕೊಟ್ಟರು. 'ಜಿ-ವಿಜ್' ಎಂಬ ಹೆಸರಿನಲ್ಲಿ ಇದೇ ರೇವಾ ಅಲ್ಲಿ 2004ರಿಂದ ಸಾವಿರಕ್ಕೂ ಮಿಕ್ಕಿ ಓಡಿತು. ಕಾರು ಅದೇ, ಬ್ಯಾಟರಿ ಅದೇ. ಬೇರೆಯಾದದ್ದು ನೀತಿ.

ನಮ್ಮಲ್ಲಿ? ಕೇಂದ್ರ ಸರಕಾರ 2010ರ ಕೊನೆಗೆ ಸಹಾಯಧನ ಕೊಟ್ಟಿತು, 2012ರ ಮಾರ್ಚಿಗೆ ನಿಲ್ಲಿಸಿತು. ರೇವಾ ಕಂಪನಿಯನ್ನು 2010ರಲ್ಲಿ ಕೊಂಡ ಮಹೀಂದ್ರ 2013ರಲ್ಲಿ 'ಇ2ಒ' ತಂದಾಗ ಬೆಲೆ ಆರು ಲಕ್ಷದ ಹತ್ತಿರ. ಆ ಸಾಲಿನ ಕಾರೂ 2019ರಲ್ಲಿ ನಿಂತಿತು. ಕೊಟ್ಟ ಕೈ ನಡುವೆಯೇ ಹಿಂದೆ ಸರಿದರೆ ಕೊಳ್ಳುವವನು ಯಾರನ್ನು ನಂಬಬೇಕು?

ಈಗ ಶಕ್ತಿನಗರದತ್ತ ಕಣ್ಣು ಹಾಯಿಸಿ. 1985ರಿಂದ ಕೃಷ್ಣೆಯ ದಡದಲ್ಲಿ ಕಲ್ಲಿದ್ದಲು ಉರಿಯುತ್ತಿದೆ. ಎಂಟು ಘಟಕ, 1,720 ಮೆಗಾವ್ಯಾಟ್ ಸಾಮರ್ಥ್ಯ. ಬೂದಿ, ಧೂಳು ಈ ಜಿಲ್ಲೆಗೆ. ಕರೆಂಟು ತಂತಿಯ ಮೇಲೆ ರಾಜ್ಯಕ್ಕೆಲ್ಲ. ಬೆಂಗಳೂರಿನ ಕಾರಿಗೆ ಹೊಗೆಯಿಲ್ಲ ನಿಜ; ಆ ಹೊಗೆಯ ಪಾಲು ಎಲ್ಲಿ ಏಳುತ್ತದೆಂಬುದನ್ನು ಶಕ್ತಿನಗರದವರು ಬಲ್ಲರು. ಹೊಗೆ ಕುಡಿದವರಿಗೇ ವಾಹನ ಎಟುಕದಿದ್ದರೆ ಅದು ಯಾವ ನ್ಯಾಯ?

ಇಂದಿನ ಬ್ಯಾಟರಿ ಹೆಚ್ಚು ದೂರ ಓಡುತ್ತದೆ, ಬೇಗ ತುಂಬುತ್ತದೆ. ಆದರೆ ಲೆಕ್ಕ ಹಾಕುವವರು ಬದಲಾಗದಿದ್ದರೆ ಫಲವೂ ಬದಲಾಗದು. ನಾವು ಕೇಳುವುದಿಷ್ಟೆ: ಧನಿಕರ ಕಾರಿಗಿಂತ ಮೊದಲು ಬಸ್ಸಿಗೆ, ಆಟೋಗೆ, ಸರಕು ಸಾಗಿಸುವ ಗಾಡಿಗೆ ಸಹಾಯ ಸಿಗಲಿ. ರಾಜೇಂದ್ರ ಗಂಜಿನಲ್ಲಿ, ದೇವದುರ್ಗ-ಮಾನ್ವಿ ಬಸ್ ನಿಲ್ದಾಣಗಳಲ್ಲಿ ಯಾರು ಬಂದರೂ ಚಾರ್ಜು ಮಾಡಿಕೊಳ್ಳುವಷ್ಟು ಅನುಕೂಲವಿರಲಿ. ಬ್ಯಾಟರಿಯ ಬೆಲೆಯನ್ನು ಒಮ್ಮೆಲೇ ವಸೂಲು ಮಾಡದೆ ಬಾಡಿಗೆಯ ಮೇಲೆ ಕೊಡಲಿ.

ಇಷ್ಟು ಮಾಡಿದ ಮೇಲೂ ಜನ ಕೊಳ್ಳದಿದ್ದರೆ ಆಗ ತಿಳಿವಳಿಕೆಯ ಮಾತಾಡಲಿ. ಅಲ್ಲಿಯವರೆಗೆ ಪಂಡಿತರು ಬಾಯಿ ಮುಚ್ಚಿಕೊಂಡಿರುವುದು ಲೇಸು.