ಹುಡುಗರ ಹರಟೆ, ಹಿರಿಯರ ಉಪದೇಶ

ನಮ್ಮ ನರಗುಂದದ ಕಡೆಯಿಂದ ಗಣಕಯಂತ್ರದ ನೌಕರಿಗೆಂದು ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಹೋದ ತರುಣರ ಮೇಲೆ ಎರಡು ಆಪಾದನೆಗಳು ಕೇಳಬರುತ್ತಿವೆ. ಕೈತುಂಬ ಸಂಬಳ ಎಣಿಸಿಕೊಂಡೂ ನಾಲ್ವರು ಕೂಡಿದಲ್ಲಿ ಕೆಲಸದ ಗೋಳನ್ನೇ ತೋಡಿಕೊಳ್ಳುತ್ತಾರೆ ಎಂಬದು ಮೊದಲನೆಯದು. ಬಿಡುವು ಸಿಕ್ಕರೆ ಹೊಲಮನೆಯ ವಿಚಾರ ಬಿಟ್ಟು, ತಂತಿ, ದೀಪ, ಬೆಸುಗೆಕಡ್ಡಿ ಹಿಡಿದು ಚಿಕ್ಕ ಮಕ್ಕಳಂತೆ ಆಡುತ್ತಾರೆ ಎಂಬದು ಎರಡನೆಯದು. ಪಂಚಮಿಗೋ ದೀಪಾವಳಿಗೋ ಹುಡುಗರು ಊರಿಗೆ ಬಂದಾಗ ಕಟ್ಟೆಯ ಮೇಲಿನ ಹಿರಿಯರು ಈ ಮಾತನ್ನಾಡುತ್ತಾರೆ. ಉದ್ಯಮದ ಹಿರಿಯರೂ ಇನ್ನಷ್ಟು ನಯವಾದ ಭಾಷೆಯಲ್ಲಿ ಇದನ್ನೇ ಆಡುತ್ತಾರೆ. ಎರಡೂ ಅನ್ಯಾಯದ ಆಪಾದನೆಗಳೆಂದು ತೋರಿಸುವದೇ ಈ ಲೇಖನದ ಉದ್ದೇಶ.

ಮೊದಲು ಆ ಹರಟೆ ಎಂಥದೆಂದು ಕಿವಿಗೊಟ್ಟು ಕೇಳೋಣ. ಗಣಕದ ಬರಹದಲ್ಲಿ ನುಸುಳುವ ದೋಷಕ್ಕೆ ಇವರು ‘ಬಗ್’, ಅಂದರೆ ಹುಳ, ಎನ್ನುತ್ತಾರೆ. “ಒಂದು ಹುಳಾ ತಗದ್ರ ಅದರ ಹೊಟ್ಟ್ಯಾಗಿಂದ ಮೂರು ಬಂದೂವಲೇ,” ಎನ್ನುತ್ತಾನೆ ಒಬ್ಬ. “ನಮ್ಮಪ್ಪನ ಹತ್ತಿ ಹೊಲಾನ ಚಲೋ ಮಾರಾಯಾ. ಎಣ್ಣಿ ಹೊಡದ್ರ ಎಂಟು ದಿನ ಆದ್ರೂ ಸುಮ್ಮನಿರತಾವು,” ಎಂದು ಇನ್ನೊಬ್ಬ. ಮೂರನೆಯವನದು ಬೇರೆ ಕಥೆ: “ನಿನ್ನಿ ರಾತ್ರಿ ಎರಡಕ್ಕ ಫೋನ್ ಬಂತು. ಅಮೆರಿಕಾದಾಗ ಯಾರಿಗೋ ಪುಟ ತೆರಿಯವಲ್ದಂತ. ಎದ್ದು ಎರಡು ತಾಸು ಹುಡುಕಿದ್ರ, ಅವನ ಮನ್ಯಾಗ ನೆಟ್ಟ ಇದ್ದಿದ್ದಿಲ್ಲ.” ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ನಗುವದು ಸರಿಯೇ. ಆದರೆ ರಾತ್ರಿ ಎರಡಕ್ಕೆ ಏಳಬೇಕೆಂದು ಯಾವ ಕರಾರಿನಲ್ಲಿದೆ? ಎದ್ದದ್ದಕ್ಕೆ ಕೂಲಿ ಎಷ್ಟು? ಮರುದಿನ ತಡವಾಗಿ ಬರಲು ಅನುಮತಿಯುಂಟೆ? ಈ ಪ್ರಶ್ನೆಗಳನ್ನು ನೇರವಾಗಿ ಕೇಳುವ ಜಾಗ ಅವರಿಗಿಲ್ಲ. ಆದ್ದರಿಂದಲೇ ಅವು ವಿನೋದದ ವೇಷ ತೊಟ್ಟು ಹರಟೆಯಲ್ಲಿ ಬರುತ್ತವೆ.

ಜಾಗ ಯಾಕಿಲ್ಲವೆಂಬದಕ್ಕೆ ಕಾರಣವಿದೆ. ಕಾರ್ಖಾನೆಯ ಸ್ಥಾಯಿ ಆದೇಶಗಳ ಬಗ್ಗೆ 1946ರಲ್ಲಿ ಒಂದು ಕೇಂದ್ರ ಕಾಯ್ದೆ ಬಂದಿತ್ತು. ಕೆಲಸದ ವೇಳೆ, ರಜೆ, ಶಿಸ್ತಿನ ಕ್ರಮ, ಕೆಲಸದಿಂದ ತೆಗೆಯುವ ರೀತಿ, ದೂರು ಹೇಳುವ ದಾರಿ, ಇವೆಲ್ಲವನ್ನೂ ಬರೆದಿಟ್ಟು, ಸರಕಾರಿ ಅಧಿಕಾರಿಯಿಂದ ಪ್ರಮಾಣಿಸಿಕೊಂಡು, ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಅವರ ಕಣ್ಣಿಗೆ ಬೀಳುವಲ್ಲಿ ಹಚ್ಚಬೇಕೆಂಬದು ಅದರ ತಿರುಳು. ಬಟ್ಟೆ ಗಿರಣಿಯ ಕೂಲಿಕಾರನಿಗೆ ಸಿಕ್ಕ ಈ ರಕ್ಷಣೆ ಗಣಕದ ನೌಕರನಿಗೆ ಸಿಗಲಿಲ್ಲ. 2014ರಲ್ಲಿ ಕರ್ನಾಟಕ ಸರಕಾರ ಈ ಉದ್ಯಮಕ್ಕೆ ಐದು ವರ್ಷಗಳ ವಿನಾಯಿತಿ ಕೊಟ್ಟಿತು. 2019ರಲ್ಲಿ ಮತ್ತೈದು ವರ್ಷ, 2024ರಲ್ಲಿ ಮತ್ತೂ ಐದು ವರ್ಷ. ಕಂಪನಿಯೊಳಗೆ ದೂರು ಸಮಿತಿ ಇರಬೇಕೆಂಬ ಷರತ್ತೇನೋ ಇತ್ತು. ಆದರೆ ಗೌಡರ ವಾಡೆಯೊಳಗೇ ಪಂಚಾಯತಿ ಕೂಡಿದರೆ ಗೌಡರ ಮೇಲೆ ಫಿರ್ಯಾದಿ ಹೇಳುವವರು ಎಷ್ಟು ಮಂದಿ? 2025ರ ನವೆಂಬರ್ 21ರಿಂದ ಆ ಹಳೆಯ ಕಾಯ್ದೆಯ ಸ್ಥಳದಲ್ಲಿ ಔದ್ಯೋಗಿಕ ಸಂಬಂಧಗಳ ಸಂಹಿತೆ ಬಂದಿದೆ. ಹೆಸರು ಬದಲಾಯಿತೆಂದು ಪ್ರಶ್ನೆ ಬದಲಾಗುವದಿಲ್ಲ.

ಇನ್ನು ಉಪದೇಶದ ವಿಚಾರ. ತರುಣರು ವಾರಕ್ಕೆ 70 ತಾಸು ದುಡಿಯಬೇಕೆಂದು 2023ರ ಅಕ್ಟೋಬರಿನಲ್ಲಿ ಶ್ರೀ ನಾರಾಯಣಮೂರ್ತಿಯವರು ಅಪ್ಪಣೆ ಕೊಡಿಸಿದರು. 2025ರ ಜನವರಿಯ ಹೊತ್ತಿಗೆ ಲಾರ್ಸನ್ ಅಂಡ್ ಟೂಬ್ರೊ ಕಂಪನಿಯ ಮುಖ್ಯಸ್ಥರ ಬಾಯಲ್ಲಿ ಅದು 90ಕ್ಕೇರಿತು. ನಡುವೆ, 2024ರ ಜುಲೈನಲ್ಲಿ, ದಿನಕ್ಕೆ 14 ತಾಸಿನವರೆಗೆ ದುಡಿಸಿಕೊಳ್ಳಲು ದಾರಿ ಮಾಡುವ ಪ್ರಸ್ತಾಪವೊಂದು ನಮ್ಮ ಸರಕಾರದ ಮುಂದೆಯೇ ಬಂತು. ಗಣಕ ನೌಕರರ ಸಂಘದವರು ಅದನ್ನು ಬಲವಾಗಿ ಎದುರಿಸಿದರು. ಎಪ್ಪತ್ತು ತಾಸೆಂದರೆ ವಾರಕ್ಕೆ ಆರು ದಿನದಂತೆ ದಿನಕ್ಕೆ ಹನ್ನೊಂದು ತಾಸು ನಲವತ್ತು ನಿಮಿಷ. ಬೆಂಗಳೂರಿನ ರಸ್ತೆಯಲ್ಲಿ ಕಳೆಯುವ ಹೊತ್ತು ಇದಕ್ಕೆ ಹೊರತು. ನಮ್ಮ ಸೀಮೆಯಲ್ಲಿ ಎತ್ತಿಗೂ ಮಧ್ಯಾಹ್ನ ನೊಗ ಬಿಚ್ಚುತ್ತಾರೆ. ಸೋಮವಾರ ಬಸವಣ್ಣನ ವಾರವೆಂದು ಹೂಡುವದೇ ಇಲ್ಲ. ಕಾರಹುಣ್ಣಿವೆಗೆ ಮೈತೊಳೆದು ಕೋಡಿಗೆ ಬಣ್ಣ ಹಚ್ಚುತ್ತಾರೆ. ಎತ್ತಿಗೆ ಸಲ್ಲುವ ಮರ್ಯಾದೆ ಎತ್ತಿನ ಒಡೆಯನ ಮಗನಿಗೆ ಸಲ್ಲದೆ?

ಎರಡನೆಯ ಆಪಾದನೆಗೆ ಬರುವೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಸಂದಿಗಳಲ್ಲಿ ಕೆಲವು ನೂರು ರೂಪಾಯಿಗೆ ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಗಣಕದ ಹಲಗೆಗಳು ಸಿಗುತ್ತವೆ. ಅದಕ್ಕೆ ನಾಲ್ಕು ತಂತಿ ಬೆಸೆದು, ಹತ್ತಾರು ಸಾಲು ಬರೆದು, ಹುಡುಗರು ಏನೇನೋ ಮಾಡುತ್ತಾರೆ. ಅವುಗಳಲ್ಲಿ ಹಲವು ಕೆಲಸಕ್ಕೆ ಬಾರದವೆಂಬದು ನಿಜ. ಚಪ್ಪಾಳೆ ತಟ್ಟಿದರೆ ಹತ್ತುವ ದೀಪದಿಂದ ಯಾರ ಉದ್ಧಾರವೂ ಆಗದು. ಆದರೆ ಮಾಳಿಗೆಯ ಮೇಲಿನ ಟಾಕಿ ತುಂಬಿತೆಂದು ಕೆಳಗೆ ಅಡಿಗೆಮನೆಯಲ್ಲಿ ಗಂಟೆ ಬಾರಿಸುವ ಯಂತ್ರವೂ ಅದೇ ಹಲಗೆಯಿಂದಲೇ ಆಗುತ್ತದೆ. ಅಪರಾತ್ರಿಯಲ್ಲಿ ಪಂಪಸೆಟ್ಟಿಗೆ ಮೂರು ಫೇಸಿನ ಕರೆಂಟು ಬಂದರೆ ತಂದೆಯ ಫೋನಿಗೆ ಸುದ್ದಿ ಮುಟ್ಟಿಸುವ ಯಂತ್ರವೂ ಆಗುತ್ತದೆ. ಕರೆಂಟು ಬಂತೋ ಇಲ್ಲವೋ ಎಂದು ನೋಡಲು ಕತ್ತಲೆಯಲ್ಲಿ ಎರೆಹೊಲದ ಬದು ತುಳಿದವನಿಗೇ ಇದರ ಬೆಲೆ ಗೊತ್ತು.

ಕಂಪನಿಯಲ್ಲಿ ಹುಡುಗ ಮಾಡುವದು ದೊಡ್ಡ ತೇರಿನ ಒಂದು ಗೂಟವನ್ನು. ತೇರು ಎಲ್ಲಿ ಎಳೆಯಲ್ಪಟ್ಟಿತು, ಯಾರು ಕೈಮುಗಿದರು, ಅವನಿಗೆ ತಿಳಿಯುವದಿಲ್ಲ. ಆರು ತಿಂಗಳು ದುಡಿದ ಕೆಲಸವನ್ನು ಕಡಲಾಚೆಯ ಗಿರಾಕಿ ಒಂದು ಮಾತಿನಲ್ಲಿ ಬೇಡವೆನ್ನಬಹುದು. ಮನೆಯಲ್ಲಿ ಬೆಸೆದ ದೀಪವಾದರೋ ಹತ್ತುತ್ತದೆ, ಇಲ್ಲವೇ ಹತ್ತುವದಿಲ್ಲ. ಹತ್ತದಿದ್ದರೆ ತಪ್ಪು ತನ್ನದು, ಹತ್ತಿದರೆ ಬೆಳಕೂ ತನ್ನದು. ನಮ್ಮ ಬಡಿಗ ಕಂಬಾರರಿಗೆ ದಿನವೂ ದೊರೆಯುತ್ತಿದ್ದ ಈ ತೃಪ್ತಿಯನ್ನು ಗಣಕದ ಕಸಬುದಾರ ಭಾನುವಾರ ಸಾಲವಾಗಿ ತರುತ್ತಿದ್ದಾನೆ. ಅದನ್ನು ಮಕ್ಕಳಾಟವೆನ್ನುವದು ಕಸಬಿನ ಸುಖ ಅರಿಯದವರ ಮಾತು.

ಇಂಥ ಆಟದಿಂದ ಏನು ಹುಟ್ಟೀತೆಂದು ಕೇಳುವವರು ದೂರ ಹೋಗಬೇಕಿಲ್ಲ, ನಮ್ಮ ಅಣ್ಣಿಗೇರಿಗೆ ಹೋಗಲಿ. ಬೆಳಗಾದರೆ ಏಳಲಾಗದ ತರುಣನೊಬ್ಬ ಗಡಿಯಾರದ ಅಲಾರಂ ಕೀಲಿಗೆ ದಾರ ಕಟ್ಟಿ, ಹೊತ್ತಿಗೆ ಸರಿಯಾಗಿ ತನ್ನ ಮುಖದ ಮೇಲೆ ನೀರು ಸುರಿಯುವಂತೆ ಮಾಡಿಕೊಂಡ. ಆತನೇ ಶ್ರೀ ಅಬ್ದುಲ್ ಖಾದರ್ ನಡಕಟ್ಟಿನ. ಮುಂದೆ ಅವರ ಕೂರಿಗೆ ಮೊದಲಾದ ಒಕ್ಕಲುತನದ ಸಲಕರಣೆಗಳು ರೈತರ ಹೊಲಗಳಿಗಿಳಿದವು. 2022ರಲ್ಲಿ ಪದ್ಮಶ್ರೀ ಬಂತು. ಗಣಕದಲ್ಲಿ ಕನ್ನಡ ಬರೆಯುವದೇ ದುಸ್ತರವಾಗಿದ್ದ ಕಾಲದಲ್ಲಿ, 1998ರಲ್ಲಿ, ಶ್ರೀ ಶೇಷಾದ್ರಿವಾಸು ಅವರು ತಮ್ಮ ಬಿಡುವಿನ ಹವ್ಯಾಸದಿಂದ ‘ಬರಹ’ ತಂತ್ರಾಂಶವನ್ನು ಕೊಟ್ಟರು. ಅಮೆರಿಕದಲ್ಲಿ ಸ್ಟೀವ್ ವೋಜ್ನಿಯಾಕ್ ಎಂಬ ನೌಕರ 1976ರಲ್ಲಿ ಬಿಡುವಿನಲ್ಲಿ ಕಟ್ಟಿದ ಗಣಕವನ್ನು ತನ್ನ ಕಂಪನಿಯಾದ ಹ್ಯೂಲೆಟ್ ಪ್ಯಾಕರ್ಡಿಗೇ ಮೊದಲು ತೋರಿಸಿದ. ಅವರು ಬೇಡವೆಂದರು. ಅದರಿಂದಲೇ ಆಪಲ್ ಕಂಪನಿ ಹುಟ್ಟಿತು. ಇವರ ಸಂಜೆಗಳೂ ದುಡಿತದಲ್ಲೇ ಕಳೆದಿದ್ದರೆ ಇವುಗಳಲ್ಲಿ ಯಾವದು ನಮಗೆ ಸಿಗುತ್ತಿತ್ತು?

ಧಣಿಗಳ ಪಕ್ಷದಲ್ಲೂ ಒಂದು ನ್ಯಾಯವಿದೆ. ಕಂಪನಿಯ ಗುಟ್ಟನ್ನು ಹೊರಗೆ ಮಾರುವದು, ಸಂಬಳ ಒಬ್ಬನದು ತಿಂದು ಅವನ ಪ್ರತಿಸ್ಪರ್ಧಿಯ ಕೆಲಸ ಮಾಡುವದು ತಪ್ಪೇ. ಇಂಥ ಕಾರಣಕ್ಕೆ 300 ಮಂದಿಯನ್ನು ತೆಗೆದುದಾಗಿ ವಿಪ್ರೊ 2022ರಲ್ಲಿ ಹೇಳಿತು. ಆದರೆ ತನ್ನ ಮನೆಯಲ್ಲಿ, ತನ್ನ ದುಡ್ಡಿನಲ್ಲಿ, ತನ್ನ ಹೊತ್ತಿನಲ್ಲಿ ಮಾಡಿದ್ದೂ ಕಂಪನಿಯದೇ ಎಂದು ಕರಾರು ಬರೆಸಿಕೊಳ್ಳುವದು ಯಾವ ನ್ಯಾಯ? ಜೀತದಾಳೂ ರಾತ್ರಿ ಹೊಸೆದ ಹಗ್ಗವನ್ನು ತನ್ನದೆನ್ನುತ್ತಿದ್ದ.

ಕೊನೆಗೆ ತರುಣರಿಗೂ ಒಂದು ಕಟುಮಾತು. ನಿಮ್ಮ ಹರಟೆ ನ್ಯಾಯವಾದುದು, ಆದರೆ ಸಾಲದು. ನಕ್ಕು ಹಗುರಾದ ಸಿಟ್ಟು ಮರುದಿನ ಕೆಲಸಕ್ಕೆ ಬಾರದು. ನೀವು ಹುಟ್ಟಿದ್ದು ಯಾವ ಊರಿನಲ್ಲಿ? ಮಲಪ್ರಭೆಯ ಕಾಲುವೆಯ ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಬೆಟರ್‌ಮೆಂಟ್ ಲೆವಿ ಎಂಬ ಕರ ಹೇರಿದಾಗ ನಿಮ್ಮ ಅಜ್ಜಂದಿರೂ ಮೊದಲು ಕಟ್ಟೆಯ ಮೇಲೆ ಕುಳಿತು ಗೊಣಗಿದವರೇ. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಸಮಿತಿ ಕಟ್ಟಿದರು, ಮನವಿ ಬರೆದರು, ಕಚೇರಿಯ ಮುಂದೆ ಕುಳಿತರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರಾಗಿ ರೈತರು ಸತ್ತರು. ನರಗುಂದದ ಗಲಭೆಯಲ್ಲಿ ಪೊಲೀಸರೂ ಸತ್ತರು. ಆ ರಕ್ತಪಾತ ಯಾರಿಗೂ ಬೇಡ. ಆದರೆ ಅದಕ್ಕಿಂತ ಮೊದಲಿನ ಪಾಠ, ಗೊಣಗಾಟವನ್ನು ಬೇಡಿಕೆಯಾಗಿ ಬರೆಯುವ ಪಾಠ, ನಿಮಗೆ ಬೇಕು.

ಬೇಡಿಕೆಗಳು ಮೂರೇ. ಕೆಲಸದ ತಾಸಿಗೆ ಬರೆದಿಟ್ಟ ಮಿತಿಯಿರಲಿ. ರಾತ್ರಿ ಎಬ್ಬಿಸಿದರೆ ಅದಕ್ಕೆ ಕೂಲಿಯಿರಲಿ, ಮರುದಿನ ವಿಶ್ರಾಂತಿಯಿರಲಿ. ಭಾನುವಾರದ ಬೆಸುಗೆ ಬೆಸೆದವನದೇ ಆಗಿರಲಿ. ಇಷ್ಟನ್ನು ಒಂದು ಹಾಳೆಯ ಮೇಲೆ ಬರೆದು ಸಾವಿರ ಮಂದಿ ರುಜು ಹಾಕಿದ ದಿನ ಈ ಹರಟೆಗೆ ತೂಕ ಬಂದೀತು. ಹಿರಿಯರು ಉಪದೇಶ ನಿಲ್ಲಿಸಿ ಉತ್ತರ ಕೊಡಬೇಕಾದ ದಿನವೂ ಅದೇ.